ನಾಗಯ್ಯನ ಎಡೆಯೂ ನಿಮ್ಮ ಮುಚ್ಚಳಿಕೆಯೂ

ಕಾಡಿಗೆಲ್ಲ ಒಡೆಯರಾದ ಅರಣ್ಯಾಧಿಕಾರಿಗಳೇ,

ಸತ್ತ ಗಂಡನಿಗೆ ಎಡೆ ಇಟ್ಟ ಹೆಂಗಸೊಬ್ಬಳಿಂದ, ಇನ್ನು ಮುಂದೆ ನಿಮ್ಮ ಅಭಯಾರಣ್ಯಕ್ಕೆ ಕಾಲಿಡುವುದಿಲ್ಲವೆಂದು ನಿಮ್ಮವರು ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಅಪರಾಧ: ವನ್ಯಪ್ರಾಣಿಗೆ ಆಹಾರ ನೀಡಿದ್ದು. ಆ ವನ್ಯಪ್ರಾಣಿ ಒಂದು ಕಾಗೆ. ಮೂರು ಸಲ ಅಂಚೆಯಲ್ಲಿ ಬರೆದೆ, ತಮ್ಮಿಂದ ಉಸಿರಿಲ್ಲ. ಆದ್ದರಿಂದ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಕಳಲೆ ಬಳಿಯ ಹಳ್ಳಿಯೊಂದರ ಶಾಲಾ ಮೇಷ್ಟರು. ಕಳೆದ ವರ್ಷ, ಎಂಬತ್ತೆರಡರ ಮಹಾಲಯ ಅಮಾವಾಸ್ಯೆಯ ರಜೆಯಲ್ಲಿ, ಏಳನೇ ತರಗತಿಯ ಮಕ್ಕಳಿಗೆ ಕಾಡು ತೋರಿಸಲು ಬಸ್ಸು ಮಾಡಿಕೊಂಡು ಬಂದೆ. ಶಾಲೆಯಲ್ಲಿ ಉಪ್ಪಿಟ್ಟು ಮಾಡುವ ವೆಂಕಟಮ್ಮನೂ ಹೊರಟಳು. ಆಕೆಯ ಗಂಡ ನಾಗಯ್ಯ ನಿಮ್ಮಲ್ಲೇ ದಿನಗೂಲಿ ವಾಚರ್ ಆಗಿದ್ದವನು. ಪ್ರವಾಸಿಗಳಿಗೆಂದು ನೀವು ಬಾಣದ ಗುರುತು ಹಾಕಿಸಿರುವ ಕಾಲುದಾರಿಯನ್ನು ಮಚ್ಚು ಹಿಡಿದು ಸವರಿದವನು, ಅದೇ ದಾರಿಯಲ್ಲಿ ಆನೆ ತುಳಿದು ಸತ್ತವನು. ನಿಮ್ಮ ಫಲಕದಲ್ಲಿ ಜಿಂಕೆ, ಕಾಟಿ, ನವಿಲಿನ ಹೆಸರಿದೆ. ಅವನದಿಲ್ಲ.

ಹೊರಗೆ ಸತ್ತವರಿಗೆ ಸತ್ತ ಜಾಗದಲ್ಲೇ ಎಡೆ ಇಡುವುದು ಅವರ ಮನೆತನದ ಪದ್ಧತಿ. ಮತ್ತಿ ಮರದ ಬುಡದಲ್ಲಿ ಎಲೆ ಹಾಸಿ ಮುದ್ದೆ, ಹುರುಳಿ ಸಾರು, ವಡೆ, ಒಂದು ಕಟ್ಟು ಬೀಡಿ ಇಟ್ಟಳು. ಕಾಗೆ ಮುಟ್ಟಿದರೆ ಗಂಡ ಉಂಡಂತೆ. ಕೊಂಬೆಗೆ ಕಾಗೆಯೂ ಬಂತು. “ಬಂದ್ರು ಕಣ್ರಪ್ಪ, ಸದ್ದು ಮಾಡ್ಬ್ಯಾಡಿ” ಎಂದು ಮಕ್ಕಳನ್ನು ಸುಮ್ಮನಾಗಿಸಿದಳು. ಅಷ್ಟರಲ್ಲಿ ನಿಮ್ಮ ಗಾರ್ಡು ಸೀಟಿ ಊದುತ್ತ ಓಡಿಬಂದ. ಕಾಗೆ ಹಾರಿಹೋಯಿತು.

“ಪ್ರಾಣಿಗೆ ತಿಂಡಿ ಆಕ್ಬಾರ್ದು ಅಂತ ಬೋರ್ಡ್ ಕಾಣ್ಸಲ್ವಾ?”

“ಪ್ರಾಣಿಗಲ್ಲ ಕಣಪ್ಪ, ನಮ್ಮೆಜಮಾನ್ರಿಗೆ. ನಿಮ್ ಕೆಲ್ಸ ಮಾಡ್ತಾನೇ ಜೀವ ಬುಟ್ರು. ಅಸ್ಕೊಂಡವ್ರೆ, ಒಂದ್ಗಳ್ಗೆ ತಡಿ.”

ಅವನು ಬೂಟುಗಾಲಿನಿಂದ ಎಲೆಯನ್ನು ಪೊದೆಗೆ ತಳ್ಳಿದ.

ನಿಯಮವೆಂದರೆ ನಿಯಮ, ಒಪ್ಪಿದೆ. ಆದರೆ ಅದೇ ಮಧ್ಯಾಹ್ನ ನಿಮ್ಮ ಅತಿಥಿಗೃಹದ ಜಗಲಿಯಲ್ಲಿ ತಮ್ಮ ಅತಿಥಿಗಳು ಕೋತಿಗಳಿಗೆ ಬಿಸ್ಕತ್ತು ಎಸೆಯುತ್ತಿದ್ದರಲ್ಲ, ಪೊಟ್ಟಣ ಬಿಚ್ಚಿಕೊಡುತ್ತಿದ್ದವನು ಇದೇ ಗಾರ್ಡು. ಆ ಕೋತಿಗಳೇನು ನಿಮ್ಮ ನೆಂಟರೇ? ನಿಮ್ಮದೇ ಕಾಯಿದೆ ಕಾಗೆಯನ್ನು ಇಲಿ, ಬಾವಲಿಗಳ ಪಟ್ಟಿಗೆ ಸೇರಿಸಿದೆ. ಕೊಂದರೆ ಕೇಳುವವರಿಲ್ಲ, ತುತ್ತು ಇಟ್ಟರೆ ಮುಚ್ಚಳಿಕೆ! ಬಲ್ಲವರು ಹೇಳಬೇಕು.

ಇನ್ನು ನನ್ನ ಪಾಪ. ವೆಂಕಟಮ್ಮನಿಗೆ ಓದುಬರಹವಿಲ್ಲ. ಗಾರ್ಡು ಹೇಳಿದ್ದನ್ನು ಬರೆದವನು ನಾನೇ. ಬರೆಯದಿದ್ದರೆ ಮಕ್ಕಳ ಸಮೇತ ಬಸ್ಸು ಬಿಡುವುದಿಲ್ಲವೆಂದ, ಹೆದರಿದೆ. ಹೆಬ್ಬೆಟ್ಟು ಒತ್ತುವ ಮುಂಚೆ, “ಏನ್ ಬರ್ದಿದ್ದೀರಿ ಮೇಷ್ಟ್ರೇ?” ಎಂದು ಕೇಳಿದಳು. “ಏನಿಲ್ಲ ವೆಂಕಟಮ್ಮ, ಸುಮ್ಮನೆ ಒತ್ತು” ಎಂದೆ. ಒತ್ತಿದಳು. ನಾಚಿಕೆಯಾಗುತ್ತದೆ.

ಮೊನ್ನೆ ಆಕೆ ಬಂದು, “ಉಳ್ಳಿಕಾಳು ತೆಗ್ದು ಮಡ್ಗಿವ್ನಿ ಮೇಷ್ಟ್ರೇ. ಈ ಸತಿ ಬಿರ್ರನೆ ಓಗ್ಬುಟ್ಟು, ಆ ಗಾರ್ಡು ಬರೋಕ್ ಮುಂಚೇನೇ ಇಟ್ಬುಡವ” ಎಂದಳು. ನಾನು ಆಗಲಿ ಎಂಬಂತೆ ತಲೆಯಾಡಿಸಿದೆ. ಆಕೆಗೆ ಓದಲು ಬಾರದೆಂಬ ಧೈರ್ಯದ ಮೇಲೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.

ಅಮಾವಾಸ್ಯೆಗೆ ಹತ್ತು ದಿನವಿದೆ. ಆ ಮುಚ್ಚಳಿಕೆಯನ್ನು ಹರಿದುಹಾಕಿ ಆಕೆಗೆ ಗೇಟು ತೆಗೆಸಿ. ನಿಮ್ಮ ಜೀಪು ಬೇಡ, ಗೈಡು ಬೇಡ, ದಾರಿ ಆಕೆಯ ಗಂಡನೇ ಮಾಡಿದ್ದು. ಆಗುವುದಿಲ್ಲವೆಂದರೆ ನೀವೇ ನಮ್ಮೂರಿಗೆ ಬಂದು, ಅದರಲ್ಲೇನು ಬರೆದಿದೆಯೆಂದು ಆಕೆಗೆ ಓದಿ ಹೇಳಿ. ನನ್ನಿಂದ ಆಗಲಿಲ್ಲ.

ಇಂತಿ,
ಕಾಗುಣಿತ ತಪ್ಪದಂತೆ ಆ ಮುಚ್ಚಳಿಕೆ ಬರೆದುಕೊಟ್ಟ
ಬದರೀನಾರಾಯಣ, ಸಹಶಿಕ್ಷಕ
ನಂಜನಗೂಡು ತಾಲ್ಲೂಕು