ಚಕ್ರವಿಲ್ಲದ ಬಸ್ಸಿನ ಅಳುಮನೆ

ಪ್ರಾಂತ್ಯದ ಆರೋಗ್ಯ ಕಚೇರಿಯಲ್ಲಿ ಸಂಚಾರಿ ಜನರ ವಿಭಾಗವನ್ನು ನೋಡಿಕೊಳ್ಳುವ ನಿರ್ದೇಶಕರಿಗೆ, ಪಪುವಾ ನ್ಯೂಗಿನಿ

ಮಾನ್ಯರೇ,

ನೀವು ಕೊಟ್ಟ ಹಂದಿಯನ್ನು ನಾವು ಇನ್ನೂ ಕೊಂದಿಲ್ಲ. ಯಾಂಗ್ಪಾ ಕೂಡುರಸ್ತೆಯಲ್ಲಿ, ನಿಮ್ಮದೇ ಬಸ್ಸಿನ ನೆರಳಿನಲ್ಲಿ, ಸಿಹಿಗೆಣಸು ತಿಂದುಕೊಂಡು ಅದು ಚೆನ್ನಾಗಿದೆ. ನನ್ನ ಚಿಕ್ಕಮ್ಮ ಚೆನ್ನಾಗಿಲ್ಲ. ಅವಳ ಎಚ್‌ಐವಿ ಮಾತ್ರೆಯ ಸೀಸೆಯಲ್ಲಿ ತಳ ಕಾಣುತ್ತಿದೆ. ಅವಳಿಗೆ ಬೇಕಾದ ಮಾತ್ರೆ ಅದೇ ಬಸ್ಸಿನ ಬೀರುವಿನಲ್ಲಿದೆ. ತೆಗೆದುಕೊಡಲು ನಿಮ್ಮ ನಿಯಮ ಬಿಡುವುದಿಲ್ಲ. ಹಂದಿ ಕೊಟ್ಟ ದಿನವೇ ಈ ವಿಷಯ ಮುಗಿಯಿತು ಎಂದು ನೀವು ರೇಡಿಯೋದಲ್ಲಿ ಹೇಳಿಸಿದಿರಿ. ಮುಗಿದಿಲ್ಲ, ಅದಕ್ಕೇ ಪತ್ರಿಕೆಯ ಮೂಲಕ ಈ ಪತ್ರ. ನಿಮಗೆ ಗೊತ್ತಿರುವುದೇ ಆದರೂ ಪತ್ರಿಕೆ ಓದುವ ಉಳಿದವರಿಗಾಗಿ ಮೊದಲಿನಿಂದ ಹೇಳುತ್ತೇನೆ. ನೀವೂ ಇನ್ನೊಮ್ಮೆ ಕೇಳಿಸಿಕೊಂಡರೆ ನಷ್ಟವಿಲ್ಲ.

ನನ್ನ ಚಿಕ್ಕಮ್ಮ ಸಿಯುನೆ ಅಡಿಕೆ ವ್ಯಾಪಾರದವಳು. ಗುಡ್ಡನಾಡಿನ ಚಳಿಗೆ ಅಡಿಕೆ ಮರ ಬರುವುದಿಲ್ಲ, ಗುಡ್ಡನಾಡಿನವರ ಬಾಯಿ ಅಡಿಕೆಯಿಲ್ಲದೆ ಸುಮ್ಮನಿರುವುದಿಲ್ಲ. ಆದ್ದರಿಂದ ಅವಳು ಕರಾವಳಿಗೆ ಇಳಿಯುತ್ತಾಳೆ, ಮೂಟೆ ಕಟ್ಟುತ್ತಾಳೆ, ಸಿಕ್ಕಿದ ಲಾರಿಯಲ್ಲಿ ಮೂಟೆಯ ಮೇಲೆಯೇ ಕುಳಿತು ಮತ್ತೆ ಏರುತ್ತಾಳೆ. ಹೆದ್ದಾರಿಯೇ ಅವಳ ಊರು. ಹೆಸರು ಮಾತ್ರ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿದೆ. ಮಾತ್ರೆ ಸಿಗುವುದು ಅಲ್ಲಿಯೇ, ಅವರು ಹೇಳಿದ ದಿನವೇ. ಆ ದಿನ ಗುಡ್ಡ ಜರಿದಿರಬಹುದು, ಎರಡು ಕುಲಗಳು ರಸ್ತೆಗೆ ಮರ ಉರುಳಿಸಿಕೊಂಡು ಹೊಡೆದಾಡುತ್ತಿರಬಹುದು, ಲಾರಿಯ ಡೀಸೆಲ್ ಮುಗಿದಿರಬಹುದು. ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ. ಕಳೆದ ಸಲ ತಡವಾಗಿ ಹೋದಾಗ ಕಿಟಕಿಯ ಹಿಂದಿನವರು ಕೇಳಿದರಂತೆ:

“ಎಲ್ಲಿಗೆ ಹೋಗಿದ್ದೆ?”

“ದುಡಿಯೋಕೆ.”

“ಮನೇಲಿ ಇರೋಕಾಗಲ್ವ?”

“ಇದ್ದು ನೋಡ್ದೆ. ಹಸಿವಾಯ್ತು.”

ಅವಳ ಹೆಸರು ಬರೆದದ್ದಕ್ಕೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಬರೆಯಲೇ ಎಂದು ಕೇಳಿಯೇ ಬರೆದಿದ್ದೇನೆ. “ಬರಿ. ಮಾರ್ಕೆಟ್ಟಿಗೆಲ್ಲ ಗೊತ್ತು, ಡೈರೆಕ್ಟರೊಬ್ಬನಿಗೆ ಯಾಕೆ ಮುಚ್ಚಿಡ್ಬೇಕು?” ಎಂದಳು. ರೋಗ ಯಾರಿಂದ ಬಂತು ಎಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ನಿಮ್ಮ ಕಚೇರಿ ಪ್ರತಿ ಸಲವೂ ಕೇಳುತ್ತದೆ, ಮಾತ್ರೆ ಕೊಡುವ ಹೊತ್ತಿಗೆ ಸುಸ್ತಾಗಿರುತ್ತದೆ.

ಇಂಥವರಿಗಾಗಿಯೇ ನೀವು ಔಷಧ ಕೊಡುವ ಸಂಚಾರಿ ಬಸ್ಸು ತಂದಿರಿ, ಒಪ್ಪುತ್ತೇನೆ. ಅದರ ಉದ್ಘಾಟನೆಗೆ ಬಂದು ನೀವು ಹೇಳಿದ ಮಾತು ನನಗೆ ಬಾಯಿಪಾಠವಿದೆ: “ಕ್ರಿಮಿ ಈ ರಸ್ತೆಯಲ್ಲಿ ಓಡಾಡುತ್ತಿದೆ, ಇನ್ನು ಮುಂದೆ ಔಷಧವೂ ಓಡಾಡಲಿದೆ.” ನಿಮ್ಮ ಕಚೇರಿ ಹಂಚುವ ಕರಪತ್ರಗಳನ್ನೆಲ್ಲ ಓದಿದವಳು ನಾನು. ಉಳಿದವರು ಅವುಗಳಲ್ಲಿ ಕಡಲೆಕಾಯಿ ಪೊಟ್ಟಣ ಕಟ್ಟಿದರೆ, ನಾನು ಪೊಟ್ಟಣ ಬಿಚ್ಚಿ ಓದುತ್ತಿದ್ದೆ. ಹಾಗಾಗಿ ಅಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ನಾನೇ. ಆಮೇಲೆ ಬಸ್ಸಿನ ಮುಂದಿನ ಎರಡು ಚಕ್ರಗಳನ್ನು ತಪಾಸಣೆಗೆಂದು ನಗರಕ್ಕೆ ಒಯ್ದರು. ಮುಂದಿನವು ಇಲ್ಲದೆ ಹಿಂದಿನವು ಸವೆಯುತ್ತವೆ ಎಂದು ಅವನ್ನೂ ಒಯ್ದರು. ಈಗ ಬಸ್ಸು ಎಣ್ಣೆಯ ಪೀಪಾಯಿಗಳ ಮೇಲೆ ನಿಂತಿದೆ. ಅದರ ಮೈಮೇಲೆ ‘ನಾವು ನಿಮ್ಮ ಬಳಿಗೆ ಬರುತ್ತೇವೆ’ ಎಂಬ ಬರಹ ಇನ್ನೂ ಮಾಸಿಲ್ಲ.

ಬಸ್ಸು ನಿಂತರೇನು, ನಾವೇ ಅದರ ಬಳಿಗೆ ಹೋಗುತ್ತೇವೆ ಎಂದುಕೊಂಡೆವು. ಅಲ್ಲಿ ನಿಮ್ಮ ನಿಯಮ ಕಾದು ಕುಳಿತಿತ್ತು. ಸಂಚಾರಿ ಬಸ್ಸಿನ ಔಷಧವನ್ನು ಸಂಚಾರದ ನಡುವಿನ ನಿಲ್ದಾಣಗಳಲ್ಲಿ ಮಾತ್ರ ಕೊಡಬೇಕು. ಹೊರಡದ ಬಸ್ಸು ಯಾವ ನಿಲ್ದಾಣಕ್ಕೂ ಬಂದಂತಲ್ಲ. ಬಸ್ಸಿನಲ್ಲಿ ಕೂರುವ ಆರೋಗ್ಯ ಸಹಾಯಕ ಆಗ್ಲುವಾ ಕೆಟ್ಟವನಲ್ಲ, ಬೀಗದ ಕೈಯಿರುವ ಹೆದರುಪುಕ್ಕಲ. ಚಿಕ್ಕಮ್ಮನಿಗೂ ಅವನಿಗೂ ನಡೆದ ಮಾತನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

“ಆಗ್ಲುವಾ, ಬೀರು ತೆಗಿಯಪ್ಪ.”

“ಗಾಡಿ ಹೊರಟಿಲ್ಲ ಅಕ್ಕಾ.”

“ನಾನು ಬಂದಿದೀನಲ್ಲ.”

“ನೀನು ಬಂದ್ರೆ ಆಗಲ್ಲ, ಗಾಡಿ ಬರ್ಬೇಕು.”

“ಗಾಡಿ ಇಲ್ಲೇ ಇದೆಯಲ್ಲೋ. ನೀನು ಅದರೊಳಗೇ ಕೂತಿದೀಯ.”

“ಇರೋದು ಬೇರೆ, ಬರೋದು ಬೇರೆ ಅಕ್ಕಾ. ನನ್ ಕೆಲ್ಸ ಕಳೀಬೇಡ.”

ಅಷ್ಟರಲ್ಲಿ ಯೋಂಬಾ ಬಂದ. ಕಂಟೇನರ್ ಲಾರಿ ಓಡಿಸುವವನು, ನಮ್ಮದೇ ಭಾಷೆಯಾಡುವ, ಅಂದರೆ ನಮ್ಮದೇ ಮಾತಿನವನು, ಚಿಕ್ಕಮ್ಮನ ಮೂಟೆಗಳನ್ನು ಎಷ್ಟೋ ಸಲ ಹೊತ್ತು ತಂದವನು. ತನ್ನ ಟ್ರೈಲರ್ ಖಾಲಿಯಿದೆ, ಬಸ್ಸನ್ನೇ ಎತ್ತಿ ಅದರ ಮೇಲಿಟ್ಟು ಮುಂದಿನ ಸೇತುವೆಯವರೆಗೆ ಒಯ್ದು ತರುತ್ತೇನೆ, ದಾರಿಯಲ್ಲಿ ಮಾತ್ರೆ ಕೊಡು ಎಂದ. ಆಗ್ಲುವಾ ನಿಮ್ಮ ಕಚೇರಿಗೆ ಫೋನು ಮಾಡಿ ಕೇಳಿದ. ಬಂದ ಉತ್ತರ: ಇನ್ನೊಂದು ಗಾಡಿಯ ಮೇಲೆ ಹೋಗುವ ಬಸ್ಸು ಬಸ್ಸಲ್ಲ, ಸರಕು. ಸರಕಿನಿಂದ ಔಷಧ ವಿತರಿಸಲು ಬೇರೆ ಇಲಾಖೆಯ ಅನುಮತಿ ಬೇಕು.

ಮಾನ್ಯರೇ, ಈ ಉತ್ತರ ಕೊಟ್ಟವರು ನೀವೇ ಆಗಿದ್ದರೆ, ಫೋನು ಇಟ್ಟ ಮೇಲೆ ನಿಮಗೆ ನಗು ಬಂತೇ? ಬಂದಿದ್ದರೆ ನಿಮ್ಮ ಬಗ್ಗೆ ನನಗೆ ಇನ್ನೂ ಸ್ವಲ್ಪ ಭರವಸೆಯಿದೆ.

ನಗಲಾರದ ಭಾಗ ಇನ್ನು ಮುಂದೆ. ಯೋಂಬಾನಿಗೂ ಅದೇ ರೋಗ. ಅವನ ಹೆಸರು ಬಂದರಿನ ಆಸ್ಪತ್ರೆಯಲ್ಲಿದೆ. ಅದಾದ ಕೆಲವು ದಿನಗಳಲ್ಲಿ, ಚಿಕ್ಕಮ್ಮನನ್ನೂ ನನ್ನನ್ನೂ ಹತ್ತಿಸಿಕೊಂಡು ಹೋಗುತ್ತಿದ್ದ ಅವನ ಲಾರಿ ಗುಡ್ಡದ ಕೆಸರಿನಲ್ಲಿ ಸಿಕ್ಕಿಬಿತ್ತು. ಅವನ ಮಾತ್ರೆ ಮುಗಿಯಿತು. ಚಿಕ್ಕಮ್ಮ ತನ್ನ ಸೀಸೆ ಮುಂದೆ ಹಿಡಿದಳು. ಒಂದು ದಿನ ಅವಳು, ಒಂದು ದಿನ ಅವನು. ನಮ್ಮಲ್ಲಿ ಪಕ್ಕದವನಿಗೆ ಕೊಡದೆ ಒಬ್ಬನೇ ಅಡಿಕೆ ಅಗಿಯುವವನಿಗಿಂತ ನೀಚನಿಲ್ಲ, ಅದರಲ್ಲೂ ಪಕ್ಕದವನು ನಮ್ಮ ಮಾತಿನವನಾದರೆ. ಮಾತ್ರೆಗೂ ಅದೇ ಪದ್ಧತಿ ಹಿಡಿದಳು. ನಾನು ಕರಪತ್ರ ತೆಗೆದು ಓದಿ ಹೇಳಿದೆ: ದಿನವೂ ತಪ್ಪದೆ ನುಂಗಿದರೆ ಕ್ರಿಮಿ ತಲೆ ಎತ್ತುವುದಿಲ್ಲ, ಇನ್ನೊಬ್ಬರಿಗೆ ದಾಟುವುದೂ ಇಲ್ಲ, ದಿನ ಬಿಟ್ಟು ದಿನ ನುಂಗಿದರೆ ಕ್ರಿಮಿ ಔಷಧಕ್ಕೆ ಪಳಗಿಬಿಡುತ್ತದೆ, ಆಮೇಲೆ ಇಬ್ಬರಿಗೂ ಅದು ನಾಟುವುದಿಲ್ಲ.

“ಅದನ್ನ ಬರೆದೋನು ಲಾರಿ ಮೇಲೆ ಕೂತಿದಾನಾ?” ಎಂದಳು.

“ಇಲ್ಲ ಚಿಕ್ಕಮ್ಮ. ಆದ್ರೆ ಬರೆದಿರೋದು ನಿಜ.”

“ನಿಜ ಇರ್ಲಿ. ಅವನು ಎದುರಿಗೆ ಕೂತು ಕೆಮ್ತಾ ಇರೋವಾಗ ನಾನೊಬ್ಳೇ ಹ್ಯಾಗೆ ನುಂಗ್ಲಿ? ನೀನು ನುಂಗ್ತೀಯಾ?”

ಕರಪತ್ರವನ್ನು ಮಗುಚಿ ಹಿಂಬದಿಯನ್ನೂ ಓದಿದೆ. ಅವಳ ಪ್ರಶ್ನೆಗೆ ಉತ್ತರ ಯಾವ ಕರಪತ್ರದಲ್ಲಿಯೂ ಇಲ್ಲ. ಈಗ ಯೋಂಬಾ ಬಂದರಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಮಲಗಿರುವುದರಿಂದ ಅವನಿಗೆ ಮಾತ್ರೆ ಸಿಗುತ್ತಿದೆ. ಚಿಕ್ಕಮ್ಮನ ಬಾಯೊಳಗೆ ಬಿಳಿ ಹುಣ್ಣು ಎದ್ದಿದೆ, ಅಡಿಕೆ ಮಾರುವವಳಿಗೆ ಅಡಿಕೆ ಅಗಿಯಲಾಗುತ್ತಿಲ್ಲ. ಇದೇ ಹೊತ್ತಿನಲ್ಲಿ ನಿಮ್ಮ ಕಚೇರಿ, ಯಾಂಗ್ಪಾದಲ್ಲಿ ಔಷಧ ಪಡೆದವರೇ ಇಲ್ಲ, ಆದ್ದರಿಂದ ಅಲ್ಲಿ ರೋಗ ಹತೋಟಿಗೆ ಬಂದಿದೆ ಎಂದು ಪ್ರಕಟಿಸಿತು. ಬಾವಿಗೆ ಬೀಗ ಹಾಕಿ, ಊರಿನಲ್ಲಿ ಯಾರಿಗೂ ಬಾಯಾರಿಕೆಯಿಲ್ಲ ಎನ್ನುವ ಲೆಕ್ಕಾಚಾರ ನಿಮಗೆ ಯಾವ ಶಾಲೆಯಲ್ಲಿ ಕಲಿಸಿದರು?

ಅಳುಮನೆ ಹೂಡುವ ಯೋಚನೆ ಚಿಕ್ಕಮ್ಮನದೇ. ಅಳುಮನೆಯೆಂದರೆ ನಮ್ಮ ಪದ್ಧತಿ: ಸತ್ತವರ ಮನೆಯ ಮುಂದೆ ಟಾರ್ಪಾಲು ಕಟ್ಟಿ, ಮುಖಕ್ಕೆ ಜೇಡಿ ಬಳಿದುಕೊಂಡು ಕೂತು ಅತ್ತರೆ, ಸಾವಿಗೆ ಹೊಣೆಯಾದವನು ಎಷ್ಟೇ ದೊಡ್ಡವನಿದ್ದರೂ ಪರಿಹಾರದ ಹಂದಿ ಹಿಡಿದುಕೊಂಡು ಬರಲೇಬೇಕು. “ಅರ್ಜಿ ಕೊಟ್ರೆ ಬರಲ್ಲ, ಅತ್ರೆ ಬರ್ತಾರೆ. ಬಸ್ಸು ಸತ್ತಿದೆ, ಅಳೋಣ ಬನ್ರೇ,” ಎಂದು ಅಡಿಕೆಯ ಹೆಂಗಸರನ್ನೆಲ್ಲ ಕರೆದಳು. ಕೂತೆವು. ಜೀವಮಾನವೆಲ್ಲ ಅಳುಮನೆಗಳಲ್ಲಿ ಹಿರಿಯನಾಗಿ ಕೂತ ಕೌಪಾ ತಾತನೂ ಬಂದು ಕೂತ. ಹೆಂಗಸರು ರಾಗ ಎಳೆದರು: “ಬರ್ತೀನಿ ಅಂದೆಯಲ್ಲೋ ಬಸ್ಸೇ, ಕಾಲು ಕಿತ್ಕೊಂಡು ಹೋದ್ರಲ್ಲೋ.” ಮೊದಮೊದಲು ನಗುತ್ತಲೇ ಅತ್ತೆವು. ಆಮೇಲೆ ಒಬ್ಬಳು ಇದೇ ರೋಗಕ್ಕೆ ಹೋದ ತನ್ನ ತಂಗಿಯ ಹೆಸರು ಹಿಡಿದಳು. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ.

ನೀವು ಬಂದಿರಿ. ಅಕ್ಕಿ ಮೂಟೆ, ಡಬ್ಬಿ ಮೀನು, ಹಗ್ಗದಲ್ಲಿ ಒಂದು ಹಂದಿ. ಟೋಪಿ ತೆಗೆದು ಬಸ್ಸಿನ ಮುಂದೆ ತಲೆ ಬಾಗಿಸಿದಿರಿ. ಅಲ್ಪಾಯುಷಿಯಾದರೂ ಅದು ಪ್ರಾಂತ್ಯಕ್ಕೆ ಸಲ್ಲಿಸಿದ ಸೇವೆ ದೊಡ್ಡದು ಎಂದಿರಿ. ಎಲ್ಲರೂ ದಂಗಾಗಿ ನಿಂತಿದ್ದಾಗ ಹಗ್ಗವನ್ನು ಕೌಪಾ ತಾತನ ಮುಂದೆ ಚಾಚಿದಿರಿ, ಅವನು ಹಿಡಿದುಕೊಂಡುಬಿಟ್ಟ.

“ಯಾಕ್ ತಾತ ಹಿಡಿದೆ?” ಎಂದು ಆಮೇಲೆ ನಾನು ಜಗಳವಾಡಿದೆ.

“ಅಳುಮನೇಲಿ ಯಾರಾದ್ರೂ ಹಗ್ಗ ಚಾಚಿದ್ರೆ ನನ್ ಕೈ ತಾನಾಗೇ ಹೋಗುತ್ತೆ ಮಗಾ. ಕೈಗೇನ್ ಗೊತ್ತು, ಸತ್ತಿರೋದು ಬಸ್ಸು ಅಂತ?”

ಪರಿಹಾರದ ಹಗ್ಗ ಹಿಡಿದ ಮೇಲೆ ಆ ಸಾವಿನ ಮಾತು ಎತ್ತಬಾರದು, ಇದು ನಮ್ಮದೇ ಜನರ ಪದ್ಧತಿ ಎಂದು ರೇಡಿಯೋದಲ್ಲಿ ನಮಗೇ ಪಾಠ ಹೇಳಿಸಿದಿರಿ. ಪದ್ಧತಿಯ ಅರ್ಧವನ್ನು ಯಾರೂ ನಿಮಗೆ ಹೇಳಿಲ್ಲ. ಹಗ್ಗ ಹಿಡಿದರೆ ಹೊಡೆದಾಟ ನಿಲ್ಲುತ್ತದೆ, ಅಷ್ಟೆ. ಮಾತು ಮುಗಿಯುವುದು ಹಂದಿಯನ್ನು ಕೊಂದು, ಕಲ್ಲು ಕಾಯಿಸಿ, ನೆಲದ ಕುಳಿಯಲ್ಲಿ ಬೇಯಿಸಿ, ಕೊಟ್ಟವನೂ ಪಡೆದವನೂ ಕೂತು ಉಂಡ ಮೇಲೆ. ಕಲ್ಲು ಕಾದಿಲ್ಲ. ಹಸಿದ ಹೆಂಗಸರು ದಿನವೂ ಆ ಹಂದಿಯ ತೊಡೆ ನೋಡಿ ಉಗುಳು ನುಂಗುತ್ತಾರೆ, ಆದರೆ ಯಾರೂ ಕಲ್ಲು ಕಾಯಿಸುವುದಿಲ್ಲ.

ಇಷ್ಟು ಹೇಳಿ ಪತ್ರ ಮುಗಿಸುವವಳಿದ್ದೆ. ಹೋದ ವಾರ ನಡೆದದ್ದು ಮುಗಿಸಲು ಬಿಡಲಿಲ್ಲ. ಮೋಟಾರ್ ಬೈಕಿನಲ್ಲಿ ಒಬ್ಬರು ಬಂದರು, ಹಿಂದೆ ಮಂಜುಗಡ್ಡೆಯ ಪೆಟ್ಟಿಗೆ. ಚಿಕ್ಕಮ್ಮನ ಮಾತ್ರೆಯೇ ಬಂತೆಂದು ಓಡಿ ಹೋದೆ. ಅವರು ಪಶುವೈದ್ಯರು. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ದಾಟಿದ ಹಂದಿಗೆ, ಅದು ಎಲ್ಲಿರುತ್ತದೋ ಅಲ್ಲಿಗೇ ಹೋಗಿ ಸೂಜಿ ಹಾಕಬೇಕು ಎಂಬ ನಿಯಮವಿದೆಯಂತೆ. ಓಡಾಡುವ ಹಂದಿಯಿಂದಲೇ ರೋಗ ಹರಡುತ್ತದೆ, ಆದ್ದರಿಂದ ಔಷಧ ಅದರ ಹಿಂದೆ ಹೋಗಬೇಕು ಎಂದು ಅವರು ನಮಗೆ ತಾಳ್ಮೆಯಿಂದ ವಿವರಿಸಿದರು. ಎಷ್ಟು ಸರಿಯಾದ ಮಾತು.

“ಹಂದಿ ಹೆಸರೇನು?” ಎಂದು ಕೇಳಿದರು.

“ಅದಕ್ಕೆ ಹೆಸರಿಲ್ಲ ಅಣ್ಣಾ,” ಎಂದಳು ಚಿಕ್ಕಮ್ಮ. “ಸಿಯುನೆ ಅಂತ ಬರ್ಕೊ.”

“ಅದು ಯಾರ ಹೆಸರು?”

“ನಂದೇ. ಇವತ್ತು ಅದಕ್ಕೆ ಹಾಕು. ಮುಂದಿನ ಸಲ ಬಂದಾಗ ಸಿಯುನೆ ಎಲ್ಲಿ ಅಂತ ಕೇಳು, ನಾನು ಕೈ ಎತ್ತೀನಿ.”

ಅವರು ನಗಲಿಲ್ಲ. ಚಿಕ್ಕಮ್ಮನ ಬಾಯೊಳಗಿನ ಹುಣ್ಣು ನೋಡಿದರು, ಬಸ್ಸಿನ ಬರಹ ನೋಡಿದರು, ಹಂದಿಗೆ ಸೂಜಿ ಹಾಕಿ ಹೊರಟುಹೋದರು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಬಸ್ಸು ಬೇಡ, ಹೊಸ ಚಕ್ರ ಬೇಡ, ಇನ್ನೊಂದು ಹಂದಿಯಂತೂ ಬೇಡವೇ ಬೇಡ. ಹಂದಿಗಿರುವ ನಿಯಮವನ್ನು ಹೆದ್ದಾರಿಯ ಜನರಿಗೂ ಬರೆಯಿರಿ: ಹೆಸರು ಎಲ್ಲಿಯೇ ಇರಲಿ, ಆ ದಿನ ಯಾವ ಊರಿನಲ್ಲಿರುತ್ತಾರೋ ಆ ಊರಿನ ಆಸ್ಪತ್ರೆಯಲ್ಲಿ ಔಷಧ, ಮತ್ತು ಗುಡ್ಡ ಜರಿದರೂ ಸಾಲುವಷ್ಟು ತಿಂಗಳುಗಳಿಗೆ. ಆಗ ಯಾರೂ ಸೀಸೆ ಹಂಚಿಕೊಳ್ಳಬೇಕಾಗಿಲ್ಲ. ಅಷ್ಟಾಗುವ ಮೊದಲು, ಆಗ್ಲುವಾನಿಗೆ ಒಂದು ಫೋನು ಮಾಡಿ ಬೀರು ತೆಗೆಯಲು ಹೇಳಿ. ಅಂದೇ ಕಲ್ಲು ಕಾಯಿಸುತ್ತೇವೆ, ನಿಮ್ಮ ಪಾಲಿನ ತೊಡೆ ತೆಗೆದಿಡುತ್ತೇವೆ, ಬಂದು ಉಣ್ಣಿ.

ಅದೂ ಆಗದಿದ್ದರೆ, ಹಂದಿಗೆ ಮುಂದಿನ ತಿಂಗಳು ಎರಡನೇ ಸೂಜಿಯಿದೆ. ಪಶುವೈದ್ಯರು ತಪ್ಪದೆ ಬರುತ್ತಾರೆ. ಅವರ ಪೆಟ್ಟಿಗೆಯಲ್ಲಿ ಒಂದು ಸೀಸೆಗೆ ಜಾಗ ಇದ್ದೇ ಇರುತ್ತದೆ. ಸಿಯುನೆ ಎಂದು ಕೂಗಲು ಹೇಳಿ. ಅವಳು ಹಂದಿಯ ಪಕ್ಕದಲ್ಲೇ ಕೂತಿರುತ್ತಾಳೆ. ಅಲ್ಲಿಯವರೆಗೆ ಕೂತಿರುವ ಹಾಗೆ ನೋಡಿಕೊಳ್ಳುವುದು ಈಗ ನಿಮ್ಮ ಕೈಯಲ್ಲಿದೆ.

ಇಂತಿ,
ನಿಮ್ಮ ಹಂದಿಗೆ ಗೆಣಸು ಹಾಕುತ್ತಿರುವ,
ದೆಲ್ಮಾ ಗಿಗ್ಮಾಯ್
ಬಸ್ಸಿನ ಎಡಗಡೆ, ಯಾಂಗ್ಪಾ ಕೂಡುರಸ್ತೆ, ಪಪುವಾ ನ್ಯೂಗಿನಿ