ಸೋತವರು ಕಾರು ಓಡಿಸಬೇಕು

ಲೋಧಿ ಕಾಲೋನಿ, ದೆಹಲಿ
೧೪ ನವೆಂಬರ್ ೨೦೦೭

ಪ್ರೀತಿಯ ಸಂಯುಕ್ತಾ,

ನಿನ್ನ ಫೋನು ಬಂದು ಒಂಬತ್ತು ದಿನವಾಯಿತು. ನೀನು ಗಾಲ್ಫ್ ಕಿಟ್ಟನ್ನು ನಿಮ್ಮ ಫ್ಯಾಕ್ಟರಿಯ ಹೊಸ ಮ್ಯಾನೇಜರಿಗೆ ಕೊಟ್ಟುಬಿಟ್ಟೆಯಂತೆ, ನಿನ್ನ ಮಣಿಕಟ್ಟು ಇನ್ನು ಸರಿಯಾಗಿ ತಿರುಗುವುದಿಲ್ಲವಂತೆ. ಕೊನೆಗೆ ನೀನೇ, "ತಪ್ಪು ನನ್ನದೇ ಬಿಡೇ, ನೀನು ಮನಸ್ಸಿಗೆ ಹಚ್ಚಿಕೋಬೇಡ" ಎಂದೆ. ನಾನು "ಹೂಂ" ಎಂದು ಫೋನಿಟ್ಟೆ. ಹಾಗೆ ಹೂಂಗುಟ್ಟಿದ್ದಕ್ಕೆ ಈ ಕಾಗದ.

ಎಂಟು ವರ್ಷ ನೀನು ಭಾನುವಾರಗಳಲ್ಲಿ ಫರೀದಾಬಾದಿನಿಂದ ಬೆಳಿಗ್ಗೆ ಬೆಳಿಗ್ಗೆಯೇ ಬಂದು ನನ್ನನ್ನು ಗಾಲ್ಫ್ ಆಡಲು ಹತ್ತಿಸಿಕೊಂಡು ಹೋಗುತ್ತಿದ್ದೆ. ಜೈಪುರ, ರಾಣಿಖೇತ್, ಚಂಡೀಗಢ, ಎಲ್ಲ ನಿನ್ನ ಸ್ಯಾಂಟ್ರೋ ಕಾರಿನಲ್ಲೇ. ಮೈದಾನದಲ್ಲಿ ಗಂಡಸರು ನಮ್ಮನ್ನು ನೋಡಿ ನಗುತ್ತಿದ್ದರು. ನಾವು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಸೋಲಿಸಬೇಕಾಗಿದ್ದುದು ನಿನ್ನೊಬ್ಬಳನ್ನೇ, ನಿನಗೆ ನನ್ನೊಬ್ಬಳನ್ನೇ. ಸೋತವರು ವಾಪಸು ಕಾರು ಓಡಿಸಬೇಕು, ಗೆದ್ದವರು ಪಕ್ಕದಲ್ಲಿ ನಿದ್ದೆ ಹೊಡೆಯಬೇಕು ಎಂಬ ಕಾಯಿದೆ ಮಾಡಿದವಳು ನೀನು. ಗೆದ್ದಾಗ ನೀನು "ಚಲೋ ಡ್ರೈವರ್ ಸಾಬ್" ಎಂದು ನನ್ನತ್ತ ಕೀಲಿಕೈ ಎಸೆಯುತ್ತಿದ್ದೆ.

ಕಡಿಮೆ ಹೊಡೆತಕ್ಕೇ ಗೆಲುವಲ್ಲವೇ, ಕೊನೆಯ ಎರಡು ವರ್ಷ ನಾನು ನನ್ನ ಹೊಡೆತಗಳನ್ನು ನಿಜಕ್ಕಿಂತ ಕಡಿಮೆ ಬರೆಯುತ್ತಿದ್ದೆ. ನಿನಗೆ ಗೊತ್ತಿತ್ತು. ಜೈಪುರದಲ್ಲಿ ನೀನು, "ಆರು ಅಂತ ಬರೆದಿದೀಯ, ನಾನು ಎಂಟು ನೋಡಿದೆ" ಎಂದೆ. ನಾನು ರೇಗಿದೆ. ದೆಹಲಿಯವರೆಗೂ ನೀನೇ ಕಾರು ಓಡಿಸಿದೆ. ಗೆಲ್ಲುವ ಚಪಲ ಎಂದುಕೊಂಡಿದ್ದೀಯ. ಅದಲ್ಲ. ನನಗೆ ಸ್ಟೀರಿಂಗ್ ಹಿಡಿಯಲು ಭಯ. ಹೊಡೆದ ಚೆಂಡು ಎಲ್ಲಿ ಬಿತ್ತೆಂದು ನನಗೆ ಕಾಣುತ್ತಿರಲಿಲ್ಲ. ನಿನ್ನ ತಲೆ ತಿರುಗಿದ ಕಡೆಗೆ ನಡೆಯುತ್ತಿದ್ದೆ.

ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ, ಕಾರು ಓಡಿಸುವುದು ಬಿಡಿ ಎಂದು ಡಾಕ್ಟರು ಆಗಲೇ ಹೇಳಿದ್ದರು. ನಿನಗೆ ಹೇಳಿದರೆ ಬೇರೆ ಜೊತೆ ಹುಡುಕಿಕೊಳ್ಳುತ್ತೀಯ ಅನ್ನಿಸಿತು. ಭಾನುವಾರಗಳಿಗೆ ನಿನಗೆ ಗಂಡ ಇದ್ದಾರೆ, ಮಕ್ಕಳಿದ್ದಾರೆ. ನನಗೆ ಈ ಸರ್ಕಾರಿ ಕ್ವಾರ್ಟರ್ಸಿನ ಎರಡು ಕೋಣೆ. ಈಗಲೂ ಭಾನುವಾರ ಐದಕ್ಕೇ ಎದ್ದು ಶೂ ಹಾಕಿಕೊಳ್ಳುತ್ತೇನೆ. ಸ್ವಲ್ಪ ಹೊತ್ತು ಕೂತಿದ್ದು ಬಿಚ್ಚುತ್ತೇನೆ.

ಫೆಬ್ರವರಿಯಲ್ಲಿ ಚಂಡೀಗಢದಲ್ಲಿ ನೀನು ಪಕ್ಕದಲ್ಲೇ ನಿಂತು ಎಣಿಸಿದೆ. ನಾನು ಸೋತೆ, ವಾಪಸು ಸ್ಟೀರಿಂಗ್ ಹಿಡಿದೆ. ಕರ್ನಾಲ್ ದಾಟುವಾಗ ಮುಸ್ಸಂಜೆ, ನಿನಗೆ ನಿದ್ದೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿ ಹೋಗುತ್ತಿತ್ತು, ಅದಕ್ಕೆ ಹಿಂದೆ ದೀಪವಿರಲಿಲ್ಲ. ಹೇಗೋ ಎಚ್ಚರವಾಗಿ, "ಸರಳಾ, ಟ್ರಾಲಿ" ಎಂದು ನೀನು ಸ್ಟೀರಿಂಗ್ ತಿರುಗಿಸಿದೆ. ಕಾರು ಡಿವೈಡರಿಗೆ ಬಡಿಯಿತು. ಮುರಿದದ್ದು ನಿನ್ನ ಬಲಗೈ.

ಆಸ್ಪತ್ರೆಗೆ ಓಡಿಬಂದ ನಿನ್ನ ಗಂಡ ಇಂದುಶೇಖರರಿಗೆ ನಾನು ಹೇಳಿದ್ದು ಹೀಗೆ: "ಟ್ರಾಲಿ ಇನ್ನೂ ದೂರ ಇತ್ತು, ಬ್ರೇಕ್ ಹಾಕ್ತಾ ಇದ್ದೆ. ಇವಳು ನಿದ್ದೆಗಣ್ಣಲ್ಲಿ ಗಾಬರಿಯಾಗಿ ಸ್ಟೀರಿಂಗ್ ಎಳೆದುಬಿಟ್ಟಳು." ಅವರು ನಿನ್ನ ಕಡೆ ನೋಡಿದ ರೀತಿ ನೆನಪಿದೆ. ನೀನೂ ನಂಬಿದೆ. "ನಿನಗೇನೂ ಆಗಲಿಲ್ಲವಲ್ಲ" ಎಂದು ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ ಅತ್ತುಬಿಟ್ಟೆ.

ಸಂಯುಕ್ತಾ, ಟ್ರಾಲಿ ದೂರ ಇರಲಿಲ್ಲ. ನನಗದು ಕಾಣಲೇ ಇಲ್ಲ. ನನ್ನ ಕಾಲು ಬ್ರೇಕಿನ ಮೇಲೆ ಇರಲೂ ಇಲ್ಲ. ನೀನು ತಿರುಗಿಸದಿದ್ದರೆ ನಾವಿಬ್ಬರೂ ಉಳಿಯುತ್ತಿರಲಿಲ್ಲ. ಇದನ್ನು ಇಂದುಶೇಖರರಿಗೂ ಓದಿ ಹೇಳು. ಈ ಒಂಬತ್ತು ತಿಂಗಳಲ್ಲಿ ಅವರು ನಿನ್ನನ್ನು ಎಷ್ಟು ಸಲ ಅಂದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಕ್ಷಮಿಸು ಎನ್ನಲು ಬಾಯಿಲ್ಲ. ತಪ್ಪು ನಿನ್ನದಲ್ಲ ಎಂದು ನಿನಗೆ ಗೊತ್ತಾದರೆ ಸಾಕು.

ನಿನ್ನ
ಸರಳಾ

ವಿ.ಸೂ.: ಇದಕ್ಕೆ ಕಾಗದ ಬರೆಯಬೇಡ. ಆಗಸ್ಟಿನಿಂದ ನನಗೆ ಓದಲು ಆಗುತ್ತಿಲ್ಲ, ಆಫೀಸಿಗೂ ಹೋಗುತ್ತಿಲ್ಲ. ಇದನ್ನು ದಪ್ಪ ಮಾರ್ಕರಿನಲ್ಲಿ ಅಂದಾಜಿನ ಮೇಲೆ ಬರೆದಿದ್ದೇನೆ. ಸಾಲು ಸಾಲಿನ ಮೇಲೆ ಬಿದ್ದಿದ್ದರೆ ನಿಧಾನವಾಗಿ ಓದಿಕೋ. ಬೈಯುವುದಿದ್ದರೆ ಮನೆಗೇ ಬಂದು ಬೈಯಿ. ಬಾಗಿಲು ತೆಗೆದಾಗ ನಿನ್ನ ಮುಖ ಗುರುತಾಗಲಿಕ್ಕಿಲ್ಲ, ಮೊದಲು ನೀನೇ ಮಾತಾಡು.