ಸ್ಮಾರ್ಟ್ ಕುಕ್ಕರ್ ಮತ್ತು ಮಧ್ಯಾಹ್ನದ ಗಂಜಿ

ಹಾರೊ, ಇಲೋಯ್ಲೊ
ಅಕ್ಟೋಬರ್ ೧೪

ಪ್ರೀತಿಯ ಮಗ ರೊಡೆಲ್,

ಹೇಗಿದ್ದೀಯಪ್ಪಾ? ಸಿಂಗಪುರದಲ್ಲಿ ಕೆಮ್ಮು ಕಡಿಮೆಯಾಯಿತೇ? ಆಫೀಸಿನ ಏಸಿ ತಲೆಯ ಮೇಲೇ ಬೀಸುತ್ತದೆ ಎಂದಿದ್ದೆ, ಕುರ್ಚಿ ಬೇರೆ ಕಡೆ ಹಾಕಿಸಿಕೋ. ನಾನು ಚೆನ್ನಾಗಿದ್ದೇನೆ. ನಿನ್ನ ತಂಗಿ ನೆನಿತಾ ಪಾಠ ಹೇಳುವ ಶಾಲೆಯಲ್ಲಿ ಪರೀಕ್ಷೆ ನಡೆದಿದೆ, ಹೊಲಿಗೆ ಯಂತ್ರ ಬಿಟ್ಟೇಳಲು ನನಗೂ ಬಿಡುವಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಒಂದೋ ಅಳುತ್ತೇನೆ, ಇಲ್ಲವೇ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ. ಪಕ್ಕದ ಮನೆ ಕೋರಾಳ ಮಗಳು ರಜೆ ಮುಗಿಸಿ ಸಿಂಗಪುರಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಕೊಡುತ್ತೇನೆ.

ಈಸ್ಟರ್‌ಗೆ ಬಂದಾಗ ನಿಮ್ಮ ಕಂಪನಿಯ ಅನ್ನದ ಕುಕ್ಕರ್ ತಂದಿದ್ದೆಯಲ್ಲ, ಅಂದು ನನಗೆಷ್ಟು ಹೆಮ್ಮೆಯಾಗಿತ್ತು ಗೊತ್ತೇ! ಸ್ಮಾರ್ಟ್ ಎಂದರೇನು ಎಂದು ಊಟದ ಮೇಜಿನಲ್ಲಿ ನಮಗೆಲ್ಲ ಪಾಠ ಮಾಡಿದೆ. "ಗುಂಡಿ ಒತ್ತಿದ್ರೆ ಬೇಯಿಸೋದು ಯಾವ ಕುಕ್ಕರಾದ್ರೂ ಮಾಡುತ್ತಮ್ಮಾ. ಫೋನಿಗೆ ಜೋಡಿಸಿದ ಮಾತ್ರಕ್ಕೂ ಸ್ಮಾರ್ಟ್ ಆಗಲ್ಲ. ಮನೆಯವರನ್ನ ಅದು ಗಮನಿಸ್ಬೇಕು, ಗಮನಿಸಿದ್ದನ್ನ ನೆನಪಿಟ್ಕೋಬೇಕು, ಯಾರೂ ಹೇಳದೇನೇ ಅವ್ರಿಗೆ ಬೇಕಾದ ಹಾಗೆ ನಡ್ಕೋಬೇಕು" ಎಂದೆ. ನೆನಿತಾ ಬಿಡುತ್ತಾಳೆಯೇ? "ಹಾಗಾದ್ರೆ ನಿನಗಿಂತ ಅದೇ ವಾಸಿ ಬಿಡಣ್ಣಾ!" ಎಂದಳು. ನಿನ್ನ ಸೋದರಮಾವ ಬೆರ್ಟಿಂಗ್ ಎಷ್ಟು ನಕ್ಕನೆಂದರೆ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತು. ಮೂರು ಗುಣ ಹೇಳಿದೆ ಮಗನೇ. ತಾನು ಕಂಡದ್ದನ್ನೆಲ್ಲ ಅದು ನಿನಗೆ ಹೇಳುತ್ತದೆ ಎಂಬ ನಾಲ್ಕನೆಯದನ್ನು ಮಾತ್ರ ಹೇಳಲಿಲ್ಲ.

ಜೂನ್‌ನಲ್ಲಿ ಒಂದು ಮಧ್ಯಾಹ್ನ ನಿಮ್ಮಪ್ಪ ಗೇಟಿನ ಹೊರಗೆ ನಿಂತಿದ್ದರು. ನೀನು ಎರಡನೇ ತರಗತಿಯಲ್ಲಿದ್ದಾಗ ಬೇರೊಬ್ಬಳ ಜೊತೆ ಬಕೊಲೊದ್ ಊರಿಗೆ ಹೋದವರು. ಅವಳು ತೀರಿಕೊಂಡ ಮೇಲೆ ಹಿಂದಿರುಗಿ, ಮಾರ್ಕೆಟ್ಟಿನ ಹಿಂದೆ ಒಂದು ಮೂಲೆ ಬಾಡಿಗೆಗೆ ಹಿಡಿದಿದ್ದರಂತೆ. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಂತೆ ಸೊರಗಿದ್ದರು. "ಲಿಗಾಯಾ, ಏನೂ ಅರಗ್ತಿಲ್ಲ. ನಿನ್ನ ಶುಂಠಿ ಗಂಜಿಯಾದ್ರೆ ನಿಲ್ಲಬಹುದೇನೋ" ಎಂದರು. ನಾನು ಕ್ಷಮಿಸಲಿಲ್ಲ. ಒಳಗೂ ಕರೆಯಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿ ಗಂಜಿ ಕೊಟ್ಟೆ, ಅಷ್ಟೇ. ಆಮೇಲೆ ನೆನಿತಾ ಶಾಲೆಯಲ್ಲಿರುವ ಹೊತ್ತಿಗೆ ಬಂದು ಉಂಡು ಹೋಗುತ್ತಿದ್ದರು. ನಿನಗೆ ಕ್ರಿಸ್‌ಮಸ್‌ಗೆ ಬಂದಾಗ ಎದುರಿಗೆ ಕೂತು ಹೇಳೋಣವೆಂದಿದ್ದೆ. ನಿನ್ನ ಸಿಟ್ಟು ನನಗೆ ಗೊತ್ತಿಲ್ಲವೇ?

ಕಳೆದ ವಾರ ಬೆರ್ಟಿಂಗ್ ಬಂದು ಗೇಟಿಗೆ ಅಡ್ಡ ನಿಂತ. ಯೂನಿಫಾರಂ ಒಯ್ಯಲು ಬಂದ ತಾಯಂದಿರು ಜಗಲಿಯ ತುಂಬ ಕೂತಿದ್ದರು. ನಿಮ್ಮಪ್ಪ ಬಂದದ್ದೇ ತಡ, "ಬಿಟ್ಟು ಓಡಿದ ಮನೆಗೆ ಉಣ್ಣೋಕೆ ಬರ್ತೀಯಲ್ಲ, ನಾಚ್ಕೆ ಆಗಲ್ವೇನೋ? ನಿನ್ನ ಮಗನೇ ಓಡಿಸು ಅಂದಿದಾನೆ, ನಡಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ನಾನು ಓಡಿ ಬರುವಷ್ಟರಲ್ಲಿ ಎದೆಗೆ ಕೈಯಿಟ್ಟು ತಳ್ಳಿಯೂ ಆಗಿತ್ತು. ನಿಮ್ಮಪ್ಪ "ರೊಡೆಲ್ ಹಾಗಂದ್ನಾ?" ಎಂದು ಕೇಳಿದರು, ಬಿದ್ದ ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಟುಹೋದರು.

ನಾನು ನಂಬಲಿಲ್ಲ. ಬೆರ್ಟಿಂಗ್ ಫೋನ್ ತೆಗೆದು ನೀನು ಬರೆದದ್ದನ್ನು ತೋರಿಸಿದ. "ನೆನಿತಾ ಹೋದ ಮೇಲೆ ಅಮ್ಮ ದಿನಾ ಇನ್ನೊಂದು ಸಲ ಗಂಜಿ ಮಾಡ್ತಿದಾಳೆ, ಕುಕ್ಕರ್ ಲೆಕ್ಕ ನನ್ನ ಫೋನಲ್ಲಿ ಕಾಣ್ತಿದೆ. ಅವನನ್ನ ಮಾರ್ಕೆಟ್‌ನಲ್ಲಿ ನೋಡಿದೆ ಅಂದ್ರಲ್ಲ ಮಾವ, ಅವನೇ ಬರ್ತಿರ್ಬೇಕು, ಓಡಿಸಿ. ಅಮ್ಮನಿಗೆ ಹೇಳ್ಬೇಡಿ." ಕೊನೆಯ ಮಾತನ್ನು ಮತ್ತೆ ಮತ್ತೆ ಓದಿದೆ ಮಗನೇ. ಪ್ರತಿ ಭಾನುವಾರ ನೀನು "ಮಧ್ಯಾಹ್ನ ಏನ್ ಮಾಡ್ತೀಯಮ್ಮಾ ಊಟಕ್ಕೆ?" ಎಂದು ಕೇಳುತ್ತಿದ್ದೆ. "ಬೆಳಗಿನದ್ದೇ ಇರುತ್ತಪ್ಪಾ" ಎಂದು ನಾನು ಸುಳ್ಳು ಹೇಳುತ್ತಿದ್ದೆ. ಸುಳ್ಳೆಂದು ಗೊತ್ತಿದ್ದೂ ನೀನು ಹೂಂ ಎನ್ನುತ್ತಿದ್ದೆ. ನೀನೊಂದು ಮಾತು ಕೇಳಿದ್ದರೆ, ಬೈದಿದ್ದರೂ ಸರಿ, ಎಲ್ಲ ಹೇಳಿಬಿಡುತ್ತಿದ್ದೆ. ನನ್ನದೇ ಅಡುಗೆಮನೆಯಲ್ಲಿ ಕಳ್ಳಿಯನ್ನು ಕಾದಂತೆ ನನ್ನನ್ನು ಕಾದೆಯಲ್ಲೋ!

"ವೈಫೈ ತೆಗೆದ್ರಾಯ್ತಮ್ಮಾ, ಆಗ ಬರೀ ಕುಕ್ಕರ್ರೇ" ಎಂದು ನೆನಿತಾ ಸಮಾಧಾನ ಹೇಳುತ್ತಾಳೆ. ನನಗೆ ಬೇಡ. ಒರೆಸಿ, ಡಬ್ಬಿಗೆ ಹಾಕಿ, ಈ ಕಾಗದದ ಜೊತೆಯಲ್ಲೇ ಕಳಿಸುತ್ತಿದ್ದೇನೆ. ಹಳೆಯ ಪಾತ್ರೆಯಲ್ಲಿ ಅನ್ನ ಒಮ್ಮೊಮ್ಮೆ ಸೀಯುತ್ತದೆ, ಸೀಯಲಿ.

ವೇಳೆಗೆ ಸರಿಯಾಗಿ ಊಟ ಮಾಡು, ನಿದ್ದೆಗೆಡಬೇಡ. ನಮ್ಮ ಚರ್ಚಿನ ಕಂದೆಲಾರಿಯ ತಾಯಿ ನಿನ್ನನ್ನು ಕಾಯಲಿ. ಸಿಟ್ಟು ಇಳಿದಿಲ್ಲ, ಆದರೂ ಹರಸುತ್ತಿದ್ದೇನೆ.

ನಿನ್ನ ಅಮ್ಮ,
ಲಿಗಾಯಾ

ತಾ.ಕ.: ಕೋರಾಳ ಮಗಳು ಗೇಟಿನಲ್ಲಿ ಅವಸರ ಮಾಡುತ್ತಿದ್ದಾಳೆ. ಸೋಮವಾರ ನಾನೇ ಹೋಗಿ ನಿಮ್ಮಪ್ಪನನ್ನು ಮನೆಗೆ ಕರೆತಂದೆ. ನಿನ್ನ ಮಂಚದ ಮೇಲೆ ಮಲಗಿದ್ದಾರೆ. ಹೊಟ್ಟೆಯಲ್ಲಿ ಗೆಡ್ಡೆಯಂತೆ, ಕ್ರಿಸ್‌ಮಸ್‌ವರೆಗೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ನಿನಗೆ ಬೈಯುವುದಿದ್ದರೆ ಬೇಗ ಬಂದು ನೀನೇ ಬೈ. ಮಾವನ ಬಾಯಲ್ಲಿ ಬೈಸಬೇಡ.